ಕ್ಯಾನ್ಸರ್ ಅಲ್ಲ ಅಂದರು

ಅಣ್ಣ ಬಾಗಿಲಿಗೆ ಭುಜ ತಾಗಿಸಿಕೊಳ್ಳೋಕೆ ಶುರು ಮಾಡಿದಾಗ ನಾವೆಲ್ಲ ನಕ್ಕಿದ್ದೆವು. ಒಂದು ದಿನ ಎಡಭುಜ, ಇನ್ನೊಂದು ದಿನ ಬಲಭುಜ. "ಬಾಗಿಲು ಸಣ್ಣದಾಯ್ತೋ, ನೀನು ದಪ್ಪ ಆದ್ಯೋ?" ಅಂತ ನಾನೇ ರೇಗಿಸಿದ್ದೆ. ಮೇಜಿನ ಅಂಚಿನಲ್ಲಿದ್ದ ಲೋಟ ಕೈ ತಾಗಿ ಬೀಳುತ್ತಿತ್ತು. ಪಕ್ಕದಲ್ಲಿ ಯಾರಾದರೂ ಬಂದು ನಿಂತರೆ ಬೆಚ್ಚಿಬೀಳುತ್ತಿದ್ದ. ಎದುರಿಗಿದ್ದದ್ದು ಮಾತ್ರ ಸರಿಯಾಗಿ ಕಾಣುತ್ತಿತ್ತು, ಪೇಪರಿನ ಸಣ್ಣ ಅಕ್ಷರ ಕೂಡ ಕನ್ನಡಕ ಇಲ್ಲದೆ ಓದುತ್ತಿದ್ದ. ಹಾಗಾಗಿ ಇದು ಕಣ್ಣಿನ ತೊಂದರೆ ಅಂತ ನಮಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ನೋಟದ ಎರಡು ಅಂಚು ಹೋದರೆ ಅಲ್ಲಿ ಕತ್ತಲೆ ಕಾಣೋದಿಲ್ಲವಂತೆ. ಅಲ್ಲಿ ಏನೂ ಇರೋದಿಲ್ಲ, ಅಷ್ಟೇ.

ತಲೆನೋವಿತ್ತು, ಸುಸ್ತಿತ್ತು. ಇನ್ನೊಂದು ತೊಂದರೆಯೂ ಇತ್ತು. ಅದನ್ನು ಅತ್ತಿಗೆ ನನಗೆ ಹೇಳಿದ್ದು ತುಂಬ ದಿನ ಆದಮೇಲೆ. ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಗಂಡಸರಲ್ಲಿ ಜಾಸ್ತಿಯಾದರೆ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಆಸೆ ಬತ್ತಿಹೋಗುತ್ತದೆ. ಹೆಂಗಸರಿಗಾದರೆ ಮುಟ್ಟು ನಿಲ್ಲುತ್ತದೆ, ಎದೆಯಲ್ಲಿ ಹಾಲು ಒಸರುತ್ತದೆ, ಹೀಗಾಗಿ ಬೇಗ ಡಾಕ್ಟರ ಹತ್ತಿರ ಹೋಗುತ್ತಾರೆ. ಆ ಹಾರ್ಮೋನ್ ಉಕ್ಕಿಸುವ ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕಿಬೀಳುತ್ತದೆ. ಗಂಡಸರು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. (ನಾಚಿಕೆಯೊಂದೇ ಕಾರಣ ಅಂತಲ್ಲ. ಈ ಗಡ್ಡೆ ಗಂಡಸರಲ್ಲಿ ಸ್ವಭಾವದಲ್ಲೇ ಸ್ವಲ್ಪ ಒರಟು ಅಂತ ಆಮೇಲೆ ಗೊತ್ತಾಯಿತು.)

ಕಣ್ಣಿನ ಡಾಕ್ಟರು ಅವನನ್ನು ಬಿಳಿ ಬೋಗುಣಿಯಂಥ ಒಂದು ಯಂತ್ರದ ಮುಂದೆ ಕೂರಿಸಿದರು. ಒಂದು ಕಣ್ಣಿಗೆ ಪಟ್ಟಿ. ಗದ್ದ ಒಂದು ಆಸರೆಯ ಮೇಲೆ. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಆ ಕತ್ತಲೆ ಕೋಣೆಯ ಮೂಲೆಯಲ್ಲಿ ಕೂತಿದ್ದೆ. ಟಿಕ್, ಟಿಕ್. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಒಮ್ಮೆಗೇ ಟಿಕ್ ಟಿಕ್ ಟಿಕ್. ಹೊರಗೆ ಬಂದು ಮೆಲ್ಲಗೆ ಅಂದ: "ಬೆಳಕು ಬರೋ ಹೊತ್ತಾಯ್ತು ಅನ್ನಿಸಿದಾಗೆಲ್ಲ ಒತ್ತಿಬಿಟ್ಟೆ ಕಣೇ." ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗನ ಮುಖ. ಯಂತ್ರ ಅವನಿಗಿಂತ ಜಾಣ. ನಡುನಡುವೆ ಬೆಳಕು ಬಿಡದೆ ಸುಮ್ನೆ ಕಾಯುವ ಆಟ ಅದಕ್ಕೆ ಗೊತ್ತು. ಈ ಫಲಿತಾಂಶ ನಂಬೋಕೆ ಬರೋದಿಲ್ಲ ಅಂದರು, ಮತ್ತೆ ಕೂರಿಸಿದರು. ಎರಡನೇ ಸಲ ಬಂದ ಚಿತ್ರದಲ್ಲಿ ಎರಡೂ ಕಣ್ಣಿನ ಹೊರಗಿನ ಅರ್ಧ ಕಪ್ಪಾಗಿತ್ತು.

ಅದೇ ವಾರ ಎಂಆರ್‌ಐ. ಪಿಟ್ಯುಟರಿ ಗ್ರಂಥಿಯಲ್ಲಿ 42 ಮಿ.ಮೀ. ಗಡ್ಡೆ.

ಪಿಟ್ಯುಟರಿ ಅಂದರೆ ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿ, ತೂಕ ಸುಮಾರು ಅರ್ಧ ಗ್ರಾಂ. ಮೂಗಿನ ಹಿಂದೆ, ಮೆದುಳಿನ ಅಡಿಯಲ್ಲಿ, ಮೂಳೆಯ ಒಂದು ಪುಟ್ಟ ಗುಳಿಯಲ್ಲಿ ಕೂತಿರುತ್ತದೆ. ಆ ಗುಳಿ ಕುದುರೆಯ ಜೀನಿನ ಹಾಗೆ ಕಾಣುತ್ತದೆ ಅಂತ ಹಳೆಯ ಕಾಲದ ವೈದ್ಯರು ಅದಕ್ಕೆ ತುರ್ಕಿ ಜೀನು ಅಂತಲೇ ಹೆಸರಿಟ್ಟರು. ಕಷ್ಟ ಏನಪ್ಪಾ ಅಂದರೆ ಅದರ ಅಕ್ಕಪಕ್ಕದವರು. ಮೇಲುಗಡೆ ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗ. ಎಡಕ್ಕೂ ಬಲಕ್ಕೂ ಕ್ಯಾವರ್ನಸ್ ಸೈನಸ್ ಅನ್ನೋ ರಕ್ತದ ಕೋಣೆಗಳು. ಅವುಗಳೊಳಗೆ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳ, ಜೊತೆಗೆ ಕಣ್ಣುಗುಡ್ಡೆಯನ್ನು ತಿರುಗಿಸುವ ನರಗಳು. ಇಷ್ಟೆಲ್ಲ ಒಂದು ಹೆಬ್ಬೆರಳಿನ ಅಗಲದೊಳಗೆ. ಗಡ್ಡೆ 10 ಮಿ.ಮೀ.ಗಿಂತ ಚಿಕ್ಕದಿದ್ದರೆ ಮೈಕ್ರೋ, ಅದಕ್ಕೂ ದೊಡ್ಡದಾದರೆ ಮ್ಯಾಕ್ರೋ, 40 ದಾಟಿದರೆ ಜಯಂಟ್. ನಮ್ಮದು ಜಯಂಟ್. ಮೇಲೆ ಕಣ್ಣಿನ ನರವನ್ನು ಒತ್ತಿ, ಕೆಳಗೆ ಮೂಳೆಯನ್ನು ಕೊರೆದು, ಎಡಗಡೆ ಕೆರೋಟಿಡ್ ನಾಳವನ್ನು ಪೂರ್ತಿ ಸುತ್ತಿಕೊಂಡಿತ್ತು. ಪಕ್ಕಕ್ಕೆ ಎಷ್ಟು ನುಗ್ಗಿದೆ ಅಂತ ಅಳೆಯೋಕೆ ನಾಸ್ಪ್ ಗ್ರೇಡ್ ಅಂತ ಇದೆ, ಸೊನ್ನೆಯಿಂದ ನಾಲ್ಕರವರೆಗೆ. ನಮ್ಮದು ನಾಲ್ಕು.

"ಕ್ಯಾನ್ಸರ್ ಅಲ್ಲ, ಹೆದರಬೇಡಿ" ಅಂದರು ಮೊದಲು ನೋಡಿದ ಡಾಕ್ಟರು. ಅಮ್ಮ ಆ ಮಾತನ್ನು ಕಂಠಪಾಠ ಮಾಡಿಕೊಂಡಳು. ಫೋನ್ ಮಾಡಿದವರಿಗೆಲ್ಲ ಅದೇ ಉತ್ತರ, ಕ್ಯಾನ್ಸರ್ ಅಲ್ಲವಂತೆ. ಆ ಮಾತು ಸುಳ್ಳಲ್ಲ. ಇವತ್ತಿಗೂ ಸುಳ್ಳಲ್ಲ. ಪಿಟ್ಯುಟರಿ ಗಡ್ಡೆಗಳಲ್ಲಿ ಹೆಚ್ಚುಪಾಲು ನಿಜಕ್ಕೂ ಸಾಧುಗಳು. ಬೇರೆ ಯಾವುದಕ್ಕೋ ತಲೆ ಸ್ಕ್ಯಾನ್ ಮಾಡಿಸಿದಾಗ ಹತ್ತು ಜನರಲ್ಲಿ ಒಬ್ಬರಿಗಾದರೂ ಅಲ್ಲೊಂದು ಪುಟ್ಟ ಚುಕ್ಕೆ ಸಿಗುತ್ತದೆ, ಅದರಲ್ಲಿ ಎಷ್ಟೋ ಮಂದಿಗೆ ಜೀವಮಾನದಲ್ಲಿ ಏನೂ ಆಗುವುದಿಲ್ಲ. ಆದರೆ ಆ ಮಾತಿನಿಂದ ನಾವು ತೆಗೆದುಕೊಂಡ ಅರ್ಥ ಬೇರೆ. ತೆಗೆದರೆ ಮುಗಿಯಿತು ಅಂತ ತಿಳಿದುಕೊಂಡೆವು.

ಹಾರ್ಮೋನ್ ಡಾಕ್ಟರು, ನಾವು ಇವತ್ತಿಗೂ ಹೋಗುವ ಮೇಡಂ, ಮೊದಲ ದಿನವೇ ಒಂದು ಉಪಕಾರ ಮಾಡಿದರು. ರಕ್ತದಲ್ಲಿ ಪ್ರೊಲ್ಯಾಕ್ಟಿನ್ 180 ಅಂತ ಬಂದಿತ್ತು. ಗಂಡಸರಿಗೆ 20ರ ಒಳಗಿರಬೇಕು, ಹಾಗಾಗಿ ಜಾಸ್ತಿಯೇನೋ ಹೌದು. ಆದರೆ ಮೇಡಂ ಸ್ಕ್ಯಾನನ್ನೂ ರಿಪೋರ್ಟನ್ನೂ ಎರಡೆರಡು ಸಲ ನೋಡಿ, "ಇಷ್ಟು ದೊಡ್ಡ ಗಡ್ಡೆಗೆ ಇಷ್ಟು ಕಡಿಮೆ ನಂಬರ್ ಹೊಂದೋದಿಲ್ಲ. ರಕ್ತವನ್ನ ನೂರು ಪಾಲು ತೆಳು ಮಾಡಿ ಮತ್ತೆ ನೋಡೋಕೆ ಹೇಳ್ತೀನಿ" ಅಂದರು. ಮಾರನೇ ದಿನ ಬಂದ ನಂಬರ್ 11,400.

ಇದಕ್ಕೆ ಹುಕ್ ಎಫೆಕ್ಟ್ ಅಂತಾರೆ. ಪರೀಕ್ಷೆಯಲ್ಲಿ ಎರಡು ಆಂಟಿಬಾಡಿಗಳು ಒಂದೇ ಹಾರ್ಮೋನನ್ನು ಎರಡು ಕಡೆಯಿಂದ ಹಿಡಿದುಕೊಂಡರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾರ್ಮೋನ್ ವಿಪರೀತ ಇದ್ದಾಗ ಒಂದೊಂದೂ ಬೇರೆ ಬೇರೆಯದನ್ನು ಹಿಡಿದು ಕೂರುತ್ತವೆ, ಜೋಡಿ ಆಗುವುದೇ ಇಲ್ಲ. ಯಂತ್ರ ಕಡಿಮೆ ತೋರಿಸುತ್ತದೆ. ಆ ಒಂದು ಅನುಮಾನ ಬರದಿದ್ದರೆ ಅಣ್ಣ ನೇರವಾಗಿ ಆಪರೇಷನ್ ಟೇಬಲ್ ಮೇಲೆ ಇರುತ್ತಿದ್ದ. ಯಾಕೆಂದರೆ ಪಿಟ್ಯುಟರಿ ಗಡ್ಡೆಗಳಲ್ಲಿ ಮೊದಲು ಮಾತ್ರೆ, ಆಮೇಲೆ ಕತ್ತರಿ ಅನ್ನೋದು ಪ್ರೊಲ್ಯಾಕ್ಟಿನ್ ಗಡ್ಡೆಗೆ ಮಾತ್ರ. ಉಳಿದವಕ್ಕೆ ಸಾಮಾನ್ಯವಾಗಿ ಕತ್ತರಿಯೇ ಮೊದಲು.

ಮಾತ್ರೆಯ ಹೆಸರು ಕ್ಯಾಬರ್ಗೋಲಿನ್. ವಾರಕ್ಕೆ ಎರಡೇ ಸಲ, ಅರ್ಧ ಮಿ.ಗ್ರಾಂ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಮೂರನೇ ವಾರಕ್ಕೆ ಅಣ್ಣ ಬಾಗಿಲಲ್ಲಿ ನೆಟ್ಟಗೆ ನಡೆದು ಹೋದ. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ, ಏನೂ ಹೇಳಲಿಲ್ಲ. ನಂಬರ್ ಇಳಿಯಿತು, ಗಡ್ಡೆ ಕುಗ್ಗಿತು. ಪವಾಡ ಅಂತ ನಾವೇ ಒಳಗೊಳಗೆ ಅಂದುಕೊಂಡೆವು. ಒಂದು ವಿಚಿತ್ರ ಮಾತ್ರ ಆಯಿತು. ಅರ್ಧರಾತ್ರಿ ಮೊಬೈಲಿನಲ್ಲಿ ಏನೇನೋ ಆರ್ಡರ್ ಮಾಡೋಕೆ ಶುರು ಮಾಡಿದ, ಒಂದೇ ಥರದ ಮೂರು ಟಾರ್ಚು ಮನೆಗೆ ಬಂದವು. ಅತ್ತಿಗೆ ಇದನ್ನು ಮೇಡಂಗೆ ಹೇಳಿದಳು, ಹೇಳಿದ್ದು ಒಳ್ಳೆಯದಾಯಿತು. ಈ ಮಾತ್ರೆ ಕೆಲವರಲ್ಲಿ ಜೂಜು, ಖರೀದಿ ಇಂಥ ಚಟಗಳ ಕಡಿವಾಣ ಸಡಿಲ ಮಾಡುತ್ತದಂತೆ. ಅಂದಿನಿಂದ ಪ್ರತಿ ಭೇಟಿಯಲ್ಲೂ ಮೇಡಂ ಅದನ್ನು ಅವನ ಹತ್ತಿರ ಅಲ್ಲ, ಅತ್ತಿಗೆ ಹತ್ತಿರ ಕೇಳುತ್ತಾರೆ.

ನಾಲ್ಕನೇ ತಿಂಗಳು ಒಂದು ಬೆಳಗ್ಗೆ ಅಣ್ಣ ಶೂ ಲೇಸ್ ಕಟ್ಟೋಕೆ ಬಗ್ಗಿದ. ಮೂಗಿನ ಒಂದೇ ಹೊಳ್ಳೆಯಿಂದ ತೊಟ್ಟು ತೊಟ್ಟಾಗಿ ನೀರು ಬಿತ್ತು. ಸಿಂಬಳ ಅಲ್ಲ, ತಿಳಿ ನೀರು. ಶೂ ಮೇಲೆ ಆರು, ಏಳು, ಎಂಟು ತೊಟ್ಟು. ನೆಗಡಿ ಇರಲಿಲ್ಲ. "ಗಂಟಲಲ್ಲಿ ಉಪ್ಪುಪ್ಪು" ಅಂದ.

ಅದು ಮೆದುಳಿನ ಸುತ್ತ ಇರುವ ನೀರು. ಗಡ್ಡೆ ತಳದ ಮೂಳೆಯನ್ನು ಕೊರೆದು ತೂತು ಮಾಡಿತ್ತು, ಮಾಡಿದ ತೂತಿಗೆ ತಾನೇ ಬಿರಡೆಯಾಗಿ ಕೂತಿತ್ತು. ಮಾತ್ರೆ ಗಡ್ಡೆಯನ್ನು ಕುಗ್ಗಿಸಿತು, ಬಿರಡೆ ಕಳಚಿತು. ಔಷಧಿ ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ಬಂದ ತೊಂದರೆ. ನೀರು ಹೊರಗೆ ಬರುವ ದಾರಿಯಲ್ಲಿ ಸೋಂಕು ಒಳಗೆ ಹೋಗಬಹುದು, ಮೆದುಳುಪೊರೆಗೆ ತಗುಲಬಹುದು. ಇನ್ನು ಕಾಯುವಂತಿರಲಿಲ್ಲ, ಆಪರೇಷನ್ ಆಗಲೇಬೇಕಾಯಿತು.

ಮೂಗಿನ ದಾರಿಯಲ್ಲೇ ಹೋದರು. ಈ ದಾರಿಯ ಕತೆಯನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಓದಿದ್ದೆ, ಬೇರೆ ಕೆಲಸ ಏನಿತ್ತು? 1907ರಲ್ಲಿ ಇನ್ಸ್‌ಬ್ರೂಕ್‌ನಲ್ಲಿ ಹರ್ಮನ್ ಶ್ಲಾಫರ್ ಅನ್ನೋ ಸರ್ಜನ್ ಮೊದಲ ಸಲ ಇದನ್ನು ಮಾಡಿದಾಗ ರೋಗಿಯ ಮೂಗನ್ನೇ ಬದಿಗೆ ಮಗುಚಿದ್ದರಂತೆ. ಆಮೇಲೆ ಹಾರ್ವಿ ಕುಶಿಂಗ್ ಮೇಲ್ತುಟಿಯ ಒಳಗಿನಿಂದ ಹೋಗುವ ದಾರಿಯನ್ನು ಪಳಗಿಸಿದರು, ಕೊನೆಗೆ ಅವರೇ ಅದನ್ನು ಬಿಟ್ಟು ತಲೆಬುರುಡೆ ತೆರೆಯುವ ದಾರಿ ಹಿಡಿದರು. ಗುರುವೇ ಬಿಟ್ಟ ಮೇಲೆ ಉಳಿದವರೂ ಬಿಟ್ಟರು. ಅವರ ಹತ್ತಿರ ಕಲಿತಿದ್ದ ನಾರ್ಮನ್ ಡಾಟ್ ಮಾತ್ರ ಎಡಿನ್‌ಬರೋದಲ್ಲಿ ಸುಮ್ನೆ ತಮ್ಮ ಪಾಡಿಗೆ ಮುಂದುವರಿಸಿದರು. ಅವರಿಂದ ಪ್ಯಾರಿಸ್ಸಿನ ಜೆರಾರ್ ಗಿಯೋ ಕಲಿತರು, ಅವರಿಂದ ಮಾಂಟ್ರಿಯಲ್‌ನ ಜೂಲ್ ಹಾರ್ಡಿ. 1960ರ ದಶಕದಲ್ಲಿ ಹಾರ್ಡಿ ಇದಕ್ಕೆ ಮೈಕ್ರೋಸ್ಕೋಪ್ ಜೋಡಿಸಿದ ಮೇಲೆ ಎಲ್ಲರೂ ಮತ್ತೆ ಈ ಕಡೆ ತಿರುಗಿದರು. ಒಬ್ಬ ಶಿಷ್ಯನ ಹಟದಿಂದ ಉಳಿದ ದಾರಿ ಅದು. ಅಣ್ಣನ ಮೂಗಿನ ಮೇಲೆ ಒಂದು ಗೆರೆ ಕೂಡ ಇಲ್ಲ.

ತೊಡೆಯಿಂದ ತೆಗೆದ ಪೊರೆ, ಹೊಟ್ಟೆಯ ಒಂದು ತುಣುಕು ಕೊಬ್ಬು, ಮೂಗಿನ ಒಳಚರ್ಮದ ಒಂದು ಹಾಳೆ, ಇವುಗಳಿಂದ ತೂತು ಮುಚ್ಚಿದರು. ಸಿಕ್ಕಷ್ಟು ಗಡ್ಡೆ ತೆಗೆದರು. ಕೆರೋಟಿಡ್ ನಾಳದ ಸುತ್ತ ಇರುವುದನ್ನು ಬಿಟ್ಟರು. "ಅದನ್ನ ಮುಟ್ಟೋಕೆ ಹೋದರೆ ಗಡ್ಡೆಗಿಂತ ನಾನೇ ಅವರಿಗೆ ಅಪಾಯ" ಅಂದರು ಸರ್ಜನ್. ಆ ಮಾತು ನನಗೆ ಇಷ್ಟವಾಯಿತು. ಎಲ್ಲ ತೆಗೆದುಬಿಡ್ತೀನಿ ಅನ್ನೋರಿಗಿಂತ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರೋರು ವಾಸಿ. ಆಮೇಲೆ ಕೆಲವು ವಾರ ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಕುಡಿದ ನೀರು ಎಷ್ಟು, ಹೋದ ಮೂತ್ರ ಎಷ್ಟು ಅಂತ ಅಳೆದು ಬರೆಯಬೇಕು. ದೇಹದ ನೀರಿನ ಲೆಕ್ಕ ಇಡುವ ಹಾರ್ಮೋನ್ ಕೂಡ ಇಲ್ಲಿಂದಲೇ ಹೊರಡುತ್ತದೆ. ಅಣ್ಣ ಅಕೌಂಟ್ಸ್ ಕೆಲಸದವನು, ಆ ಪುಸ್ತಕವನ್ನು ಎಡಕ್ಕೆ ಜಮಾ ಬಲಕ್ಕೆ ಖರ್ಚು ಅಂತ ಗೆರೆ ಹೊಡೆದು ಬರೆದಿದ್ದಾನೆ.

ಬಯಾಪ್ಸಿ ರಿಪೋರ್ಟ್ ಬಂತು. ಒಂದೇ ಸಾಲು: ಪಿಟ್ಯುಟರಿ ಅಡೆನೋಮಾ. ಅಂದರೆ ಸಾಧು ಗಡ್ಡೆ. ಅಮ್ಮನಿಗೆ ಮತ್ತೆ ಅದೇ ಸಮಾಧಾನ. ನಾವು ಫೈಲಿಗೆ ಸೇರಿಸಿ ಮುಚ್ಚಿಟ್ಟೆವು.

ಮೇಡಂ ಮುಚ್ಚಿಡಲಿಲ್ಲ. "ಇದು ರಿಪೋರ್ಟ್ ಅಲ್ಲ, ಶೀರ್ಷಿಕೆ" ಅಂದರು. ಗಡ್ಡೆಯ ತುಣುಕುಗಳನ್ನು ಮೇಣದ ಅಚ್ಚಿನಲ್ಲಿ ಹಾಕಿ ಇಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಅಂತ ಹೆಸರು. ಅದನ್ನು ತರಿಸಿಕೊಂಡು, ಪಿಟ್ಯುಟರಿಯನ್ನೇ ಜಾಸ್ತಿ ನೋಡುವ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ಕಳಿಸಿದರು. ಎರಡು ವಾರ ಬಿಟ್ಟು ಎರಡು ಪುಟದ ರಿಪೋರ್ಟ್ ಬಂತು. ಯಾವ ಬಗೆಯ ಜೀವಕೋಶ, ಎಷ್ಟು ಕೋಶ ವಿಭಜನೆಯಲ್ಲಿ ಸಿಕ್ಕಿಬಿದ್ದಿವೆ, ಪಿ53 ಅನ್ನೋ ಪ್ರೋಟೀನ್ ಏನು ಹೇಳುತ್ತದೆ, ಕೆಐ-67 ಎಷ್ಟು. ಈ ಕೆಐ-67 ಅನ್ನೋದು ನೂರರಲ್ಲಿ ಎಷ್ಟು ಕೋಶಗಳು ಬೆಳೆಯುವ ಗಡಿಬಿಡಿಯಲ್ಲಿವೆ ಅಂತ ಹೇಳುವ ಲೆಕ್ಕ. ಶೇಕಡಾ 3 ಮುಟ್ಟಿದರೆ ಎಚ್ಚರ ಅಂತಾರೆ. ಅಣ್ಣನದು 8.

ಅವತ್ತು ಮೇಡಂ ಒಂದು ಕಾಗದ ತೆಗೆದುಕೊಂಡು ಎರಡು ಪದ ಬರೆದರು, ಇನ್ವೇಸಿವ್, ಅಗ್ರೆಸಿವ್. ಕನ್ನಡಕ್ಕೆ ತಂದರೆ ಎರಡೂ 'ಆಕ್ರಮಣಕಾರಿ' ಆಗಿಬಿಡುತ್ತವೆ, ಅದೇ ಗೊಂದಲ. ನಾನು ನನಗಾಗಿ ಬೇರೆ ಹೆಸರಿಟ್ಟುಕೊಂಡಿದ್ದೇನೆ. ಮೊದಲನೆಯದು ನುಗ್ಗುವ ಗಡ್ಡೆ, ಎರಡನೆಯದು ಮೊಂಡು ಗಡ್ಡೆ. ಪಕ್ಕದ ಮೂಳೆಗೋ ಕ್ಯಾವರ್ನಸ್ ಸೈನಸ್ಸಿಗೋ ಹೊಕ್ಕಿದ್ದರೆ ನುಗ್ಗುವ ಗಡ್ಡೆ. ಅದು ಜಾಗದ ಮಾತು, ಸ್ಕ್ಯಾನಿನಲ್ಲಿ ಕಾಣುತ್ತದೆ. ನುಗ್ಗಿದ ಎಷ್ಟೋ ಗಡ್ಡೆಗಳು ಮಾತ್ರೆಗೆ ಬಗ್ಗಿ ವರ್ಷಾನುಗಟ್ಟಲೆ ತೆಪ್ಪಗಿರುತ್ತವೆ. ನುಗ್ಗಿರುವುದೂ ಹೌದು, ಜೊತೆಗೆ ವಿಪರೀತ ವೇಗದಲ್ಲಿ ಬೆಳೆಯುತ್ತಿದೆ ಅಥವಾ ಆಪರೇಷನ್, ಮಾತ್ರೆ, ರೇಡಿಯೇಷನ್ ಎಲ್ಲ ಸರಿಯಾಗಿ ಕೊಟ್ಟರೂ ಬೆಳೆಯುತ್ತಲೇ ಇದೆ ಅಂದರೆ ಮೊಂಡು ಗಡ್ಡೆ. ಅದು ಸ್ವಭಾವದ ಮಾತು. ಸ್ವಭಾವ ಒಂದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಕಾಲವೇ ಹೇಳಬೇಕು. ಯುರೋಪಿನ ಎಂಡೋಕ್ರೈನಾಲಜಿ ಸೊಸೈಟಿ 2018ರಲ್ಲಿ ಕೊಟ್ಟ ಮಾರ್ಗಸೂಚಿಯ ತಿರುಳೂ ಇದೇ. ಮೈಕ್ರೋಸ್ಕೋಪಿನ ನಂಬರ್ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ಹೆಸರಿನ ಜಗಳ ಡಾಕ್ಟರುಗಳಲ್ಲೂ ಇದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ ಇಂಥವನ್ನು 'ಎಟಿಪಿಕಲ್ ಅಡೆನೋಮಾ' ಅಂತ ಬೇರೆ ಗುಂಪಿಗೆ ಹಾಕಿತ್ತು. ಅದರಿಂದ ಮುಂದಿನದನ್ನು ಊಹಿಸೋಕೆ ಆಗುತ್ತಿಲ್ಲ ಅಂತ 2017ರಲ್ಲಿ ಆ ಗುಂಪನ್ನೇ ಕೈಬಿಟ್ಟರು. 2022ರಲ್ಲಿ ಅಡೆನೋಮಾ ಅನ್ನೋ ಪದವನ್ನೇ ಪಕ್ಕಕ್ಕಿಟ್ಟು ಎಲ್ಲಕ್ಕೂ 'ನ್ಯೂರೋಎಂಡೋಕ್ರೈನ್ ಟ್ಯೂಮರ್' ಅಂದರು. ಏನೂ ತೊಂದರೆ ಕೊಡದ ಸಾವಿರಾರು ಜನರನ್ನು ಸುಮ್ನೆ ಹೆದರಿಸಿದ ಹಾಗಾಗುತ್ತದೆ ಅಂತ ಹಲವು ವೈದ್ಯರು ತಕರಾರು ತೆಗೆದರು. ಅವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ನಾವು ಅಡೆನೋಮಾ ಅನ್ನೋ ಪದದ ನೆರಳಲ್ಲಿ ನಿದ್ದೆ ಮಾಡಿದ ಮನೆಯವರು. ನನ್ನ ಓಟು ಹೊಸ ಹೆಸರಿಗೆ.

ರೇಡಿಯೇಷನ್ ಕೊಟ್ಟರು. ಒಂದೇ ದಿನದಲ್ಲಿ ಗುರಿಯಿಟ್ಟು ಹೊಡೆಯುವ ರೇಡಿಯೋಸರ್ಜರಿ ಯಾಕಾಗಲ್ಲ ಅಂತ ಕೇಳಿದೆ. ಉಳಿದ ಗಡ್ಡೆ ಕಣ್ಣಿನ ನರಕ್ಕೆ ತೀರ ಹತ್ತಿರ, ನಡುವೆ ಮೂರರಿಂದ ಐದು ಮಿ.ಮೀ. ಜಾಗವಾದರೂ ಬೇಕು ಅಂದರು. ಹಾಗಾಗಿ ಸ್ವಲ್ಪ ಸ್ವಲ್ಪ, ದಿನಕ್ಕೆ 1.8 ಗ್ರೇ (ರೇಡಿಯೇಷನ್ನಿನ ಅಳತೆ), 28 ದಿನ. ಮುಖದ ಅಚ್ಚಿನ ಬಲೆಯಂಥ ಮುಖವಾಡವನ್ನು ಟೇಬಲ್ಲಿಗೆ ಬಿಗಿದು ಮಲಗಿಸುತ್ತಿದ್ದರು. ಹೊರಗೆ ಬಂದಾಗ ಹಣೆಯ ಮೇಲೆ ಜೇನುಗೂಡಿನ ಗುರುತು ಮೂಡಿರುತ್ತಿತ್ತು. ರೇಡಿಯೇಷನ್ ನಿಧಾನಿ, ಅದರ ಒಳ್ಳೆಯದೂ ಕೆಟ್ಟದ್ದೂ ವರ್ಷಗಳ ಮೇಲೆ ಬರುತ್ತವೆ. ಗ್ರಂಥಿಯಲ್ಲಿ ಉಳಿದಿದ್ದ ಶಕ್ತಿಯೂ ಒಂದೊಂದಾಗಿ ಹೋಯಿತು. ಈಗ ಅವನಿಗೆ ಥೈರಾಯ್ಡ್ ಮಾತ್ರೆಯಿಂದ, ಟೆಸ್ಟೋಸ್ಟೆರಾನ್ ಸೂಜಿಯಿಂದ, ಕಾರ್ಟಿಸಾಲ್ ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆಯಿಂದ ಬರಬೇಕು.

ಕೊನೆಯದನ್ನು ಲಘುವಾಗಿ ತೆಗೆದುಕೊಳ್ಳಬಾರದು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಜ್ವರ ಬಂದರೆ ಡೋಸ್ ದುಪ್ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅದೇ ಔಷಧಿಯ 100 ಮಿ.ಗ್ರಾಂ ಸೂಜಿ ಕೂಡಲೇ ಬೇಕು. ಒಂದು ರಾತ್ರಿ ಹಾಗೇ ಆಯಿತು. ಜ್ವರ, ವಾಂತಿ, ಮಾತು ತೊದಲು, ಬಿಪಿ ಕೆಳಗೆ. ಎಮರ್ಜೆನ್ಸಿಯಲ್ಲಿದ್ದವರು "ರಕ್ತದ ರಿಪೋರ್ಟ್ ಬರಲಿ, ಸುಮ್ಮನೆ ಸ್ಟೀರಾಯ್ಡ್ ಕೊಡೋಕಾಗಲ್ಲ" ಅಂದರು. ಅತ್ತಿಗೆ ಎಂದೂ ದನಿ ಏರಿಸಿದವಳಲ್ಲ. ಅವತ್ತು ಅಣ್ಣನ ಪರ್ಸಿನಲ್ಲಿದ್ದ, ಸ್ಟೀರಾಯ್ಡ್ ತಪ್ಪಬಾರದು ಅಂತ ಬರೆದಿದ್ದ ಕಾರ್ಡನ್ನು ಅವರ ಮೇಜಿನ ಮೇಲೆ ಇಟ್ಟು, ಮೇಡಂಗೆ ಫೋನ್ ಹಚ್ಚಿ, ಫೋನನ್ನೂ ಅವರ ಕೈಗೇ ಕೊಟ್ಟಳು. ಸೂಜಿ ಬಿತ್ತು. ಮುಕ್ಕಾಲು ಗಂಟೆ ಆದಮೇಲೆ ಅಣ್ಣ ಕಣ್ಣು ಬಿಟ್ಟು "ಆ ಫ್ಯಾನ್ ಸ್ವಲ್ಪ ಕಡಿಮೆ ಮಾಡ್ರೇ" ಅಂದ. ಈಗ ಸೂಜಿ, ಔಷಧಿ ಎರಡೂ ಮನೆಯಲ್ಲೇ ಇವೆ. ಹಾಕೋಕೆ ನಾನೂ ಕಲಿತಿದ್ದೇನೆ.

ಎರಡು ವರ್ಷ ಹಾಗೇ ಕಳೆಯಿತು. ಆರು ತಿಂಗಳಿಗೊಮ್ಮೆ ಎಂಆರ್‌ಐ. ಪ್ರತಿ ರಿಪೋರ್ಟಿನ ಕೊನೆಗೆ, ಹಿಂದಿನ ಸ್ಕ್ಯಾನಿಗೆ ಹೋಲಿಸಿದರೆ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ ಅಂತ ಒಂದು ಸಾಲು. ನಾವು ಮೊದಲು ಓದುತ್ತಿದ್ದದ್ದೇ ಆ ಕೊನೆಯ ಸಾಲು, ಮಿಕ್ಕಿದ್ದನ್ನು ಓದುತ್ತಲೇ ಇರಲಿಲ್ಲ. ಇತ್ತ ಪ್ರೊಲ್ಯಾಕ್ಟಿನ್ ಮೆಲ್ಲಗೆ ಏರುತ್ತಿತ್ತು. ಕ್ಯಾಬರ್ಗೋಲಿನ್ ವಾರಕ್ಕೆ ಮೂರೂವರೆ ಮಿ.ಗ್ರಾಂ ತನಕ ಹೋಯಿತು, ಅಷ್ಟು ಡೋಸಿಗೆ ಹೃದಯದ ಕವಾಟ ಸರಿ ಇದೆಯಾ ಅಂತ ಎಕೋ ಬೇರೆ. ಒಂದು ದಿನ ಅಣ್ಣ ಟಿವಿ ನೋಡುತ್ತಾ ತಲೆಯನ್ನು ಎಡಕ್ಕೆ ತಿರುಗಿಸಿ ಕೂತಿದ್ದ. ಯಾಕೆ ಅಂದರೆ, "ನೆಟ್ಟಗೆ ಕೂತರೆ ವಾರ್ತೆ ಓದೋರು ಇಬ್ಬರು ಕಾಣ್ತಾರೆ" ಅಂದ. ಎಡಗಣ್ಣು ಹೊರಗಡೆಗೆ ತಿರುಗುತ್ತಿರಲಿಲ್ಲ. ಆ ನರ ಹಾದುಹೋಗುವುದು ಕ್ಯಾವರ್ನಸ್ ಸೈನಸ್ಸಿನೊಳಗೆ.

ಆಗ ಮೇಡಂ ಹಳೆಯ ಸಿಡಿಗಳನ್ನೆಲ್ಲ ತರಿಸಿದರು. ಪರದೆಯ ಮೇಲೆ ಎಡಗಡೆಗೆ ಆಪರೇಷನ್ ಆದ ಮೂರನೇ ತಿಂಗಳ ಸ್ಕ್ಯಾನ್, ಬಲಗಡೆಗೆ ಈಗಿನದು. ಯಾರೂ ವಿವರಿಸಬೇಕಾಗಿರಲಿಲ್ಲ, ನನಗೂ ಕಂಡಿತು. ಒಂದೊಂದು ಸಲಕ್ಕೆ ಒಂದೂವರೆ, ಎರಡು ಮಿ.ಮೀ. ಹಿಂದಿನದಕ್ಕೆ ಹೋಲಿಸಿದರೆ ಅಳತೆಯ ತಪ್ಪಿನೊಳಗೆ ಮುಚ್ಚಿಹೋಗುವಷ್ಟು. ಮೊದಲಿನದಕ್ಕೆ ಹೋಲಿಸಿದರೆ ಏಳು ಮಿ.ಮೀ. ನಾಲ್ಕು ರಿಪೋರ್ಟೂ ಸುಳ್ಳು ಹೇಳಿರಲಿಲ್ಲ. ಹಿಂದಿನ ಸ್ಕ್ಯಾನಿಗೆ ಮಾತ್ರ ಅಲ್ಲ, ಎಲ್ಲಕ್ಕಿಂತ ಹಳೆಯದಕ್ಕೂ ಹೋಲಿಸಿ ಅಂತ ಕೇಳಬೇಕು ಅನ್ನೋದು ನಮಗೆ ಗೊತ್ತಿರಲಿಲ್ಲ. ಈ ಬರಹ ಓದುವವರಲ್ಲಿ ಯಾರ ಮನೆಯಲ್ಲಾದರೂ ಇಂಥ ಫೈಲ್ ಇದ್ದರೆ ಇವತ್ತೇ ಹಳೇ ಸಿಡಿ ಹುಡುಕಿ ಇಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ ಎಲ್ಲ ಡಾಕ್ಟರೂ ಕೂತು ಒಂದು ಮೀಟಿಂಗ್ ಮಾಡಿದರು. ಸರ್ಜನ್, ಹಾರ್ಮೋನ್, ರೇಡಿಯೇಷನ್, ಪೆಥಾಲಜಿ, ಸ್ಕ್ಯಾನ್ ನೋಡುವವರು, ಮೊದಲ ಸಲ ಕ್ಯಾನ್ಸರ್ ಡಾಕ್ಟರೂ. ಬೆನ್ನುಹುರಿಗೋ ಬೇರೆ ಎಲ್ಲಿಗೋ ಹಾರಿದೆಯಾ ಅಂತ ಸ್ಕ್ಯಾನ್ ಮಾಡಿದರು, ಹಾರಿರಲಿಲ್ಲ. ಪಿಟ್ಯುಟರಿಯಲ್ಲಿ ಕ್ಯಾನ್ಸರ್ ಅನ್ನೋದಕ್ಕೆ ಇರುವ ಒಂದೇ ಗುರುತು ಅದು, ಮೂಲ ಜಾಗದಿಂದ ದೂರ ಹೋಗಿ ಬೇರೂರುವುದು. ತೀರ ಅಪರೂಪ. ಮುಂದಿನ ಔಷಧಿ ಟೆಮೊಜೊಲೊಮೈಡ್ ಅಂತ ತೀರ್ಮಾನವಾಯಿತು. ಗ್ಲಿಯೋಬ್ಲಾಸ್ಟೋಮಾ ಅನ್ನೋ ಮೆದುಳಿನ ಕ್ಯಾನ್ಸರಿಗೆ ಕೊಡುವ ಕೀಮೋ ಮಾತ್ರೆ. ಪಿಟ್ಯುಟರಿ ಗಡ್ಡೆಗಳಿಗೆ ಇದು ಕೆಲಸ ಮಾಡಿದ ವರದಿಗಳು 2006ರಿಂದ ಬರೋಕೆ ಶುರುವಾದವು.

ಕ್ಯಾನ್ಸರ್ ವಿಭಾಗ ಅಂತ ಬೋರ್ಡಿರುವ ಬಾಗಿಲ ಮುಂದೆ ಅಮ್ಮ ನಿಂತುಬಿಟ್ಟಳು. "ಕ್ಯಾನ್ಸರ್ ಅಲ್ಲ ಅಂದಿದ್ರಲ್ಲೋ?"

"ಅಲ್ಲಮ್ಮ. ಔಷಧಿ ಮಾತ್ರ ಅವರದ್ದು" ಅಂದ ಅಣ್ಣ, ಬಾಗಿಲು ತಳ್ಳಿ ಹಿಡಿದುಕೊಂಡು.

ಈ ಮಾತ್ರೆ ಗಡ್ಡೆಯ ಡಿಎನ್‌ಎಗೆ ಒಂದು ಸಣ್ಣ ಕಸ ಅಂಟಿಸುತ್ತದೆ. ಕೋಶದ ಹತ್ತಿರ ಎಂಜಿಎಂಟಿ ಅನ್ನೋ ರಿಪೇರಿ ಪ್ರೋಟೀನ್ ಇದ್ದರೆ ಅದನ್ನು ಕಿತ್ತು ಹಾಕಿ ಬದುಕಿಕೊಳ್ಳುತ್ತದೆ. ಇಲ್ಲದಿದ್ದರೆ ಸಾಯುತ್ತದೆ. ಹಾಗಾಗಿ ಆ ಮೇಣದ ಬ್ಲಾಕ್ ಮತ್ತೆ ಬೇಕಾಯಿತು. ಅಣ್ಣನ ಗಡ್ಡೆಯಲ್ಲಿ ಎಂಜಿಎಂಟಿ ಕಡಿಮೆ ಇತ್ತು, ಅದೃಷ್ಟ. ಹಾಗಂತ ಗ್ಯಾರಂಟಿ ಏನಿಲ್ಲ ಅಂತ ಮೊದಲೇ ಹೇಳಿದರು. ಒಟ್ಟಾರೆ ನೋಡಿದರೆ ಹತ್ತರಲ್ಲಿ ಸುಮಾರು ನಾಲ್ವರಿಗೆ ಗಡ್ಡೆ ಕುಗ್ಗುತ್ತದೆ, ಮೂವರಿಗೆ ಇದ್ದಲ್ಲೇ ನಿಲ್ಲುತ್ತದೆ, ಮೂವರಿಗೆ ಮಾತ್ರೆ ತಾಗದೆ ಬೆಳೆಯುತ್ತಲೇ ಹೋಗುತ್ತದೆ. ಮೂರು ತಿಂಗಳಿಗೆ ಒಮ್ಮೆ ನೋಡೋಣ, ಬೆಳೆಯುತ್ತಲೇ ಇದ್ದರೆ ನಿಲ್ಲಿಸೋಣ ಅಂದರು.

28 ದಿನಕ್ಕೆ ಐದು ದಿನ ಮಾತ್ರೆ. ರಾತ್ರಿ, ಖಾಲಿ ಹೊಟ್ಟೆಯಲ್ಲಿ. ಒಂದು ಗಂಟೆ ಮುಂಚೆ ವಾಂತಿ ನಿಲ್ಲಿಸುವ ಮಾತ್ರೆ. ಕ್ಯಾಪ್ಸೂಲ್ ಒಡೆಯಬಾರದು, ಜಗಿಯಬಾರದು. ಅಣ್ಣ ಲೈಟ್ ಆರಿಸಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ವಾಂತಿ ಎರಡು ಸಲ ಮಾತ್ರ ಆಯಿತು, ಸುಸ್ತು ಮಾತ್ರ ಬಿಡಲಿಲ್ಲ. ನಾಲ್ಕನೇ ಸುತ್ತಿಗೆ ಪ್ಲೇಟ್‌ಲೆಟ್ ಇಳಿದು ಒಂದು ವಾರ ಮುಂದೆ ಹಾಕಿದರು. ಆ ಒಂದು ವಾರ ಎಲ್ಲರಿಗಿಂತ ಜಾಸ್ತಿ ಒದ್ದಾಡಿದ್ದು ನಾನು. ದಿನ ತಪ್ಪಿದರೆ ಗಡ್ಡೆಗೆ ರಜೆ ಕೊಟ್ಟ ಹಾಗೆ ಅಂತ ನನ್ನ ತಲೆಯಲ್ಲಿ.

ಮೂರನೇ ತಿಂಗಳ ಸ್ಕ್ಯಾನ್ ದಿನ ರಿಪೋರ್ಟನ್ನು ಕೊನೆಯ ಸಾಲಿನಿಂದ ಓದಲಿಲ್ಲ. ಮೊದಲಿನಿಂದ ಓದಿದೆ. 31 ಮಿ.ಮೀ. ಇದ್ದದ್ದು 26 ಆಗಿತ್ತು. ಪ್ರೊಲ್ಯಾಕ್ಟಿನ್ ಅರ್ಧಕ್ಕಿಂತ ಕೆಳಗೆ. ಎರಡು ತಿಂಗಳಲ್ಲಿ ವಾರ್ತೆ ಓದೋರು ಒಬ್ಬರಾದರು.

ಈಗ ಹನ್ನೊಂದು ಸುತ್ತು ಮುಗಿದಿದೆ. ಕನಿಷ್ಠ ಆರು ತಿಂಗಳು ಕೊಡಬೇಕು, ಉಪಯೋಗ ಆಗುತ್ತಿದ್ದರೆ ಇನ್ನೂ ಮುಂದುವರಿಸಬಹುದು ಅನ್ನೋದು ಗೊತ್ತು. ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಗಟ್ಟಿ ಗೆರೆ ಇಲ್ಲ. ನಿಲ್ಲಿಸಿದ ಮೇಲೆ ಮತ್ತೆ ಬೆಳೆದವರಿದ್ದಾರೆ, ಎರಡನೇ ಸಲ ಅದೇ ಔಷಧಿ ಅಷ್ಟು ಕೆಲಸ ಮಾಡುವುದಿಲ್ಲ. ಮುಂದೆ ಏನೇನಿದೆ ಅಂತ ನಾನು ರಾತ್ರಿಯೆಲ್ಲ ಕೂತು ಓದಿದ್ದೇನೆ. ಕ್ಯಾಪಿಸಿಟಬಿನ್ ಸೇರಿಸಿ ಕೊಡುವುದು, ಬೆವಾಸಿಜುಮಾಬ್, ರೋಗನಿರೋಧಕ ಶಕ್ತಿಯ ಬ್ರೇಕ್ ಬಿಚ್ಚುವ ಇಮ್ಯುನೋಥೆರಪಿ. ಕೊನೆಯದಕ್ಕೆ ಕೆಲವರ ಗಡ್ಡೆ ಚೆನ್ನಾಗಿ ಕರಗಿದೆ, ಕೆಲವರಿಗೆ ಏನೂ ಆಗಿಲ್ಲ. ಪಟ್ಟಿ ಮಾಡಿಕೊಂಡು ಹೋದೆ. ಮೇಡಂ ಪೂರ್ತಿ ಓದಿ ವಾಪಸ್ ಕೊಟ್ಟರು. "ಇದನ್ನ ಫೈಲಿನ ಹಿಂದಗಡೆ ಇಡಿ. ಈಗ ಕೆಲಸ ಮಾಡ್ತಿರೋದು ಮಾಡಲಿ."

ಪೂರ್ತಿ ಹೋಗುತ್ತಾ ಅಂತ ಅಮ್ಮ ಈಗ ಕೇಳುವುದಿಲ್ಲ. "ಸುಮ್ನಿದೆಯಂತಾ?" ಅಂತ ಕೇಳುತ್ತಾಳೆ. ಯಾರೂ ಹೇಳಿಕೊಡದೆ ಅವಳ ಪ್ರಶ್ನೆಯೇ ಬದಲಾಗಿದೆ.

ಹೋದ ಮಂಗಳವಾರ ಕಣ್ಣಿನ ಪರೀಕ್ಷೆ ಇತ್ತು. ಅದೇ ಕತ್ತಲೆ ಕೋಣೆ, ಅದೇ ಬಿಳಿ ಬೋಗುಣಿ, ಮೂಲೆಯಲ್ಲಿ ಅದೇ ಕುರ್ಚಿ. ಟಿಕ್, ಟಿಕ್. ಎಡಗಣ್ಣಿನ ಸರದಿಯಲ್ಲಿ ಒಂದು ಕಡೆ ತುಂಬ ಹೊತ್ತು ಸದ್ದಿಲ್ಲ. ಇಲ್ಲೇ ಒಂದು ಒತ್ತಿಬಿಡು ಅಂತ ನನಗೇ ಅನ್ನಿಸಿತು. ಅವನು ಒತ್ತಲಿಲ್ಲ. ಆಮೇಲೆ ಒಂದು ಟಿಕ್.

ಪರೀಕ್ಷೆ ಮಾಡಿದ ಹುಡುಗಿ ಕಾಗದ ಹರಿದು ಕೊಟ್ಟಳು. ಎಡಗಣ್ಣಿನ ಹೊರಗಿನ ಮೇಲ್ಮೂಲೆ ಇನ್ನೂ ಕಪ್ಪು, ಹೋದ ವರ್ಷದಷ್ಟೇ. ಮೇಲ್ಗಡೆ ಚಿಕ್ಕ ಅಕ್ಷರದಲ್ಲಿ ತಪ್ಪು ಒತ್ತಿದ್ದರ ಲೆಕ್ಕ ಇರುತ್ತದೆ. ಅಣ್ಣ ಅದನ್ನು ಬೆರಳಿಟ್ಟು ತೋರಿಸಿದ.

"ಸೊನ್ನೆ ನೋಡೇ" ಅಂದ.